ಕೈಯಲ್ಲಿ ಹೇಳುವ ಹೆಸರು

"ತಲೆ ಎತ್ತಿ ಸ್ವಾಮಿ, ಸ್ವಲ್ಪ ತಲೆ ಎತ್ತಿ. ನೀವು ಹೀಗೆ ಮಡಿಲೊಳಗೆ ಇಣುಕ್ತಾ ಕೂತ್ರೆ ನಾನು ಹಿಂದಲೆ ಹೇಗೆ ಸಮ ಮಾಡ್ಲಿ? ಆಮೇಲೆ ಕನ್ನಡಿ ನೋಡಿ ನನ್ನನ್ನೇ ಬೈತೀರಿ."

ಕುರ್ಚಿಯಲ್ಲಿದ್ದ ತರುಣ ತಲೆ ಎತ್ತಿದ. ಕತ್ತರಿ ನಾಲ್ಕು ಸಲ ಆಡುವಷ್ಟರಲ್ಲಿ ಮತ್ತೆ ಇಳಿಸಿದ. ಹೊದಿಸಿದ್ದ ಬಿಳಿ ಬಟ್ಟೆಯ ಕೆಳಗೆ ಅವನ ಫೋನು ಬೆಳಗುತ್ತಿತ್ತು. ಕನ್ನಡಿಯ ಪಕ್ಕದಲ್ಲಿ "ಫೋನ್ ಜೇಬಿನಲ್ಲಿರಲಿ, ಕುತ್ತಿಗೆ ನೆಟ್ಟಗಿರಲಿ" ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದ ಹಲಗೆ ಇತ್ತು. ಅದನ್ನು ಓದುವುದಕ್ಕೂ ತಲೆ ಎತ್ತಬೇಕಲ್ಲ!

ಈ ಕ್ಷೌರದಂಗಡಿಯ ಯಜಮಾನನನ್ನು ಬೀದಿಯವರೆಲ್ಲ ರೇಡಿಯೋ ಎನ್ನುತ್ತಿದ್ದರು. ಕತ್ತರಿ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಯಾರ ಮನೆಯಲ್ಲಿ ಬಾಡಿಗೆದಾರರು ಬದಲಾದರು, ಹಲ್ಲುನೋವಿಗೆ ಯಾವ ಡಾಕ್ಟರು ಒಳ್ಳೆಯವರು, ಬೋಳುತಲೆ ತಂದೆಯಿಂದ ಬರುತ್ತದೋ ತಾಯಿಯ ಕಡೆಯಿಂದಲೋ, ಎಲ್ಲಕ್ಕೂ ಅವನಲ್ಲಿ ಮಾತಿತ್ತು. ಒಂದು ಕಾಲದಲ್ಲಿ ಕೂದಲು ಬೆಳೆಯದಿದ್ದರೂ ಜನ ಬಂದು ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. ಈಗ ಅದೇ ಬೆಂಚಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರ ತಲೆಯೂ ಕೆಳಗೆ. ಅವನು ಒಂದು ತಮಾಷೆ ಹೇಳಿದರೆ ನಗು ಬರುತ್ತಿತ್ತು, ಆದರೆ ಅದು ಫೋನಿನೊಳಗೆ ಇನ್ಯಾರೋ ಹೇಳಿದ ತಮಾಷೆಗೆ. ಈ ಅವಮಾನವನ್ನು ಅವನು ಕ್ಷಮಿಸಿರಲಿಲ್ಲ. ಮಗ ತಂದುಕೊಟ್ಟ ಫೋನನ್ನು ಹೆಂಡತಿಯ ಕೈಗೆ ದಾಟಿಸಿ, "ಈ ಶನಿಯನ್ನ ನನ್ನ ಹತ್ರ ತರಬೇಡಿ" ಎಂದಿದ್ದ.

ತರುಣ ಎದ್ದು ಹೋದ ಮೇಲೆ ಒಳಗೆ ಬಂದವನು ಟೈಲರ್. ಊರಿನ ಆಚೆ ತುದಿಯಲ್ಲಿ ಅವನ ಹೊಲಿಗೆಯಂಗಡಿ. ಇತ್ತೀಚೆಗೆ ಇಷ್ಟು ದೂರ ಗಡ್ಡಕ್ಕಾಗಿ ಬರುತ್ತಿದ್ದನೆಂದರೆ ಅದಕ್ಕೆ ಬೇರೆ ಕಾರಣವಿತ್ತು. ಅವನಿಗೊಬ್ಬಳು ಮಗಳು. ರೇಡಿಯೋನ ಮಗ ಅವಳನ್ನು ಮೆಚ್ಚಿದ್ದ, ಅವಳೂ ಇವನನ್ನು ಮೆಚ್ಚಿದ್ದಳು. ಇನ್ನು ದೊಡ್ಡವರು ಮೆಚ್ಚಬೇಕಿತ್ತು. ಟೈಲರ್ ಮಿತಭಾಷಿ, ಬಟ್ಟೆ ಕತ್ತರಿಸುವ ಮೊದಲು ಎರಡು ಸಲ ಅಳೆಯುವ ಜಾತಿ. ರೇಡಿಯೋ ಬ್ರಷ್ಷಿನಿಂದ ನೊರೆ ಎಬ್ಬಿಸುತ್ತ ಉತ್ಸಾಹದಿಂದ ಶುರುಮಾಡಿದ.

"ನಮ್ಮದೇನು ದೊಡ್ಡ ಸಂಸಾರ ಅಲ್ಲ ಸ್ವಾಮಿ. ನಾನು ಬಾಯಿ, ನನ್ನಾಕೆ ಕಿವಿ, ಅಗೋ ಅವನು ಕೈ. ಇಷ್ಟೇ. ಮೂರೇ ಜನ. ನಿಮ್ಮ ಹುಡುಗಿಗೆ ಅತ್ತಿಗೆ ಕಾಟ ಇಲ್ಲ, ನಾದಿನಿ ಕಾಟ ಇಲ್ಲ. ಬಂದ ದಿನದಿಂದ ಅವಳೇ ರಾಣಿ."

ಪಕ್ಕದ ಕುರ್ಚಿಯ ಹಿಂದೆ ನಿಂತು ಒಬ್ಬ ಮುದುಕನ ಕೂದಲು ಕತ್ತರಿಸುತ್ತಿದ್ದ ಮಗನ ಕತ್ತರಿ ಗಕ್ಕನೆ ನಿಂತಿತು. ಕನ್ನಡಿಯೊಳಗೆ ಅಪ್ಪ ಮಗನ ಕಣ್ಣು ಕೂಡಿದವು. ಮಗ ಮೊದಲು ಕಣ್ಣು ತಗ್ಗಿಸಿದ. ಕತ್ತರಿ ಮತ್ತೆ ಆಡತೊಡಗಿತು.

ಸಂಸಾರದಲ್ಲಿ ಇದ್ದವರು ನಾಲ್ವರು. ಮಗನಿಗಿಂತ ಮುಂಚೆ ಹುಟ್ಟಿದವಳು ಒಬ್ಬ ಮಗಳು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸದು, ಹಾಗಾಗಿ ಮಾತೂ ಬಾರದು. ಊರಿಗೆಲ್ಲ ಮಾತು ಹಂಚುವವನ ಮನೆಯಲ್ಲೇ ಹೀಗೆ! ಅವಳು ಇನ್ನೂ ಅಂಬೆಗಾಲಿಡುತ್ತಿದ್ದಾಗ ಮನೆಗೆ ಬಂದ ಯಾರೋ ಒಬ್ಬರು ಅವಳ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ, ಅವಳು ತಿರುಗದಿದ್ದಾಗ ಗಹಗಹಿಸಿ ನಕ್ಕಿದ್ದರು. ಮತ್ತೆ ತಟ್ಟಿದ್ದರು, ಮತ್ತೆ ನಕ್ಕಿದ್ದರು. ಆ ನಗು ರೇಡಿಯೋನ ಎದೆಯಲ್ಲಿ ಮುಳ್ಳಾಗಿ ಕೂತಿತು. ಮಾರನೆಯ ದಿನವೇ ಹೊರಕೋಣೆಗೂ ಒಳಕೋಣೆಗೂ ನಡುವಿನ ಬಾಗಿಲಿಗೆ ಒಂದು ದಪ್ಪ ನೀಲಿ ಪರದೆ ತಂದು ಕಟ್ಟಿದ. ಯಾರಾದರೂ ಬಂದರೆ ಅವಳನ್ನು ಒಳಗೆ ಬಿಟ್ಟು ಪರದೆ ಎಳೆಯುತ್ತಿದ್ದ. ಅವಳಿಗೆ ನೋವಾಗಬಾರದು ಎಂಬುದೇ ಅವನ ಮನಸ್ಸಿನಲ್ಲಿದ್ದದ್ದು. ಮೊದಮೊದಲು ಅದು ನಿಜವೂ ಆಗಿತ್ತು. ವರ್ಷಗಳು ಕಳೆದಂತೆ ಅಪ್ಪ ಪರದೆಗೆ ಕೈ ಹಾಕುವುದನ್ನು ಕಂಡರೇ ಸಾಕು, ಹುಡುಗಿ ತಾನಾಗಿ ಎದ್ದು ಒಳಗೆ ಹೋಗುತ್ತಿದ್ದಳು.

ಆಮೇಲೆ ಅವಳು ದೂರದ ಊರಿನ ಕಿವುಡ ಮಕ್ಕಳ ಶಾಲೆ ಸೇರಿದಳು, ಅಲ್ಲಿಯೇ ಉಳಿದು ಓದಿದಳು. ಈಗ ಅದೇ ಊರಿನಲ್ಲಿ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಕೆಲಸ. ಈ ಬೀದಿಗೆ ಇವರು ಮನೆ ಬದಲಿಸಿ ಬಂದ ಮೇಲೆ ಅವಳು ಬಂದದ್ದು ಅಪರೂಪ. ಬಂದಾಗ ನೆರೆಯವರು ಕೇಳಿದರೆ ರೇಡಿಯೋ, "ನಮ್ಮ ನೆಂಟರ ಹುಡುಗಿ" ಎನ್ನುತ್ತಿದ್ದ. ಸುಳ್ಳಿಗೂ ಒಂದು ಅಭ್ಯಾಸವಿರುತ್ತದೆ. ಮೊದಲ ಸಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ನೀರಿನ ಹಾಗೆ ಇಳಿಯುತ್ತದೆ.

ಮಗಳ ಜೊತೆ ಮಾತಿನ ಸಂಬಂಧ ಉಳಿಸಿಕೊಂಡವಳು ತಾಯಿ. ಪ್ರತಿ ಸಂಜೆ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು, ಎದುರಿಗೆ ಕೂತು, ಎರಡೂ ಕೈಯಲ್ಲಿ ಮಾತಾಡುತ್ತಿದ್ದಳು. ಬೈಯುವುದು, ನಗುವುದು, ಸಾರಿಗೆ ಉಪ್ಪು ಹೆಚ್ಚಾದದ್ದು, ಎಲ್ಲವೂ ಕೈಯಲ್ಲಿ. ಮಗನಿಗೂ ಆ ಕೈಮಾತು ಬರುತ್ತಿತ್ತು. ಅಕ್ಕನ ಜೊತೆ ಆಡುತ್ತಲೇ ಕಲಿತದ್ದು. ರೇಡಿಯೋಗೆ ಮಾತ್ರ ಒಂದಕ್ಷರ ಬಾರದು. ಆ ಹೊತ್ತಿಗೆ ಅವನು ಅಂಗಡಿಯಲ್ಲಿರುತ್ತಿದ್ದ. ಮನೆಯಲ್ಲಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಡುತ್ತಿದ್ದ.

ಟೈಲರ್ ಮನೆಯವರು ಬಂದು ಮನೆ ನೋಡುವ ಮಾತಾಗಿ, ಇನ್ನೇನು ದಿನ ಗೊತ್ತು ಮಾಡಬೇಕು ಎನ್ನುವಾಗ ರೇಡಿಯೋನ ಹೆಂಡತಿ ಲಕ್ವ ಹೊಡೆದು ಬಚ್ಚಲಲ್ಲಿ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ಜೀವ ಉಳಿಸಿದರು, ಬಲಗೈ ಉಳಿಸಲಾಗಲಿಲ್ಲ. ಭುಜದಿಂದ ಕೆಳಗೆ ಅದು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಬಾಯಿ ಒಂದು ಕಡೆಗೆ ವಾಲಿತು. ಮಾತು ತೊದಲಿದರೂ ಅರ್ಥವಾಗುತ್ತಿತ್ತು. ಮನೆಗೆ ಕರೆತಂದ ದಿನ ಮಗ ಹೇಳಿದ: "ಅಪ್ಪಾ, ಸಂಜೆ ಹೊತ್ತು ಅಂಗಡಿಗೆ ಜನ ಜಾಸ್ತಿ. ನಿಮಗೂ ಕಾಲು ನೋವು. ನಾನು ಅಲ್ಲಿ ನೋಡ್ಕೋತೀನಿ, ನೀವು ಅಮ್ಮನ ಹತ್ರ ಇರಿ. ಅಕ್ಕ ಫೋನ್ ಮಾಡ್ತಾಳೆ. ಫೋನ್ ಎತ್ತಿ."

"ನಾನಾ? ನಾನೇನು ಮಾಡ್ಲಿ ಅದನ್ನ ಎತ್ತಿ?"

"ಅಮ್ಮನ ಮುಖ ತೋರಿಸಿ ಸಾಕು. ಪಾಪ, ಅವಳು ಅಲ್ಲಿ ಒಬ್ಬಳೇ ಹೆದರ್ಕೊಂಡಿದ್ದಾಳೆ."

ಸಂಜೆ ಅಕ್ಕಿ ಡಬ್ಬದ ಮೇಲೆ ಫೋನು ಮಿಣುಕತೊಡಗಿತು. ಸದ್ದಿಲ್ಲ, ಬರೀ ಬೆಳಕು. ರೇಡಿಯೋ ಅದನ್ನು ಬಿಸಿ ಪಾತ್ರೆ ಎತ್ತುವವನ ಹಾಗೆ ಎರಡು ಬೆರಳಲ್ಲಿ ಎತ್ತಿ, ಹೆಂಡತಿ ಹೇಳಿದ ಜಾಗದಲ್ಲಿ ಒತ್ತಿ, ಸೀದಾ ಕಿವಿಗಿಟ್ಟುಕೊಂಡ.

"ಹಲೋ! ಹಲೋ! ಕೇಳಿಸ್ತಾ ಇದೆಯಾ?"

ಮಂಚದ ಮೇಲಿನಿಂದ ಗೊರಗೊರ ಸದ್ದು ಬಂತು. ಗಾಬರಿಯಾಗಿ ತಿರುಗಿ ನೋಡಿದರೆ ಹೆಂಡತಿ ನಗುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. "ಏನೂಂದ್ರೆ... ಆ ಮಗೂಗೆ... ನಿಮ್ಮ ಕಿವಿ ಯಾಕೆ ತೋರಿಸ್ತಿದ್ದೀರಿ?"

ಫೋನು ಕೆಳಗಿಳಿಸಿದ. ಅಂಗೈಯಗಲದ ಗಾಜಿನಲ್ಲಿ ಮಗಳ ಮುಖ. ಹಣೆಯ ಮೇಲೆ ಒಂದು ಗೆರೆ ಮೂಡಿತ್ತು. ಅದು ಯಾವಾಗ ಬಂತೋ ಅವನಿಗೆ ಗೊತ್ತಿಲ್ಲ. ಎಷ್ಟೋ ವರ್ಷಗಳಿಂದ ಅವನು ಅವಳನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವಳೂ ಬಾಯಿ ತೆರೆದು ಅಪ್ಪನನ್ನೇ ನೋಡುತ್ತಿದ್ದಳು. ಆಮೇಲೆ ಒಂದು ಬೆರಳನ್ನು ತುಟಿಯ ಕೆಳಗೆ ಮುಟ್ಟಿಸಿ, ಹುಬ್ಬೆತ್ತಿ ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ.

"ಅದು ನಾನು," ಎಂದಳು ಹೆಂಡತಿ. "ಇಲ್ಲಿ ಮಚ್ಚೆ ಇದೆಯಲ್ಲ... ಅದಕ್ಕೆ. ಅಮ್ಮ ಹೇಗಿದ್ದಾಳೆ ಅಂತ ಕೇಳ್ತಿದ್ದಾಳೆ. ಹೇಳ್ರೀ. ನನ್ನ ಕೈ ಹೋಯ್ತು. ಇನ್ಮೇಲೆ ನಿಮ್ಮ ಕೈಯೇ ಮಾತಾಡ್ಬೇಕು."

ಹೀಗೆ ಶುರುವಾಯಿತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂದು ಅವನೂ ಕೂತ. ಆದರೆ ಕಲಿಯುವುದರಲ್ಲಿ ಒಂದು ಎಡವಟ್ಟಾಯಿತು. ಜೀವಮಾನವಿಡೀ ಕನ್ನಡಿ ನೋಡಿಕೊಂಡು ಕೆಲಸ ಮಾಡಿದವನು ಅವನು. ಎದುರಿಗೆ ಮುಖ ಕಂಡರೆ ಅದು ಕನ್ನಡಿಯ ಮುಖವೆಂದೇ ಅವನ ಕೈಗೆ ರೂಢಿ. ಮಗಳು ಬಲಗೈಯಲ್ಲಿ ಮಾಡಿದ್ದನ್ನೆಲ್ಲ ಇವನು ಎಡಗೈಯಲ್ಲಿ ಮಾಡುತ್ತಿದ್ದ. ಎಷ್ಟು ತಿದ್ದಿದರೂ ಮತ್ತೆ ಎಡಗೈಯೇ ಮುಂದೆ. ಮಗಳು ನಕ್ಕು ಕೈಬಿಟ್ಟಳು. ಹೆಂಡತಿಗೆ ಮಾತ್ರ ಅದೇ ಅನುಕೂಲವಾಯಿತು. ಅವಳಿಗೂ ಉಳಿದದ್ದು ಎಡಗೈಯೊಂದೇ ಅಲ್ಲವೇ? ಮಂಚದ ಮೇಲಿನಿಂದಲೇ, "ಹಾಗಲ್ಲ, ಹೀಗೆ" ಎಂದು ತೋರಿಸಿಕೊಡುತ್ತಿದ್ದಳು. ಗಂಡ ಹೆಂಡತಿ ಸೇರಿ ಎರಡು ಎಡಗೈಯಲ್ಲಿ ಮಗಳ ಜೊತೆ ಮಾತಾಡುವುದು ನಡೆಯಿತು. ಊಟ, ನಿದ್ದೆ, ಮಾತ್ರೆ, ಡಾಕ್ಟರು, ಇವತ್ತು ಎದ್ದು ಕೂತಳು. ಮಾತು ಬಲ್ಲವನಿಗೆ ಒಂದೊಂದು ಮಾತಿಗೂ ಬೆವರು ಬರುತ್ತಿತ್ತು. ಆದರೂ ಮಿಣುಕು ಬೆಳಕು ಒಂದಿಷ್ಟು ತಡವಾದರೆ ಅವನೇ ಮೊದಲು ಫೋನಿನ ಕಡೆ ನೋಡುತ್ತಿದ್ದ.

ಮಗಳು ಪ್ರತಿ ಸಂಜೆ ತಪ್ಪದೆ ಕೇಳುತ್ತಿದ್ದದ್ದು ಒಂದೇ: ನಾನು ಯಾವಾಗ ಬರಲಿ?

ಅದಕ್ಕೆ ಉತ್ತರವಾಗಿ ರೇಡಿಯೋ ಕಲಿತದ್ದು, ಬೇಗ ಕಲಿತದ್ದು, ಅಂಗೈಯನ್ನು ಮುಂದಕ್ಕೆ ಮೆಲ್ಲಗೆ ತಳ್ಳುವ ಸನ್ನೆ. ಆಮೇಲೆ. ಇವತ್ತಲ್ಲ, ಆಮೇಲೆ.

ಮಗ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುತ್ತಿದ್ದಂತೆ ಅದನ್ನೇ ಎತ್ತಿದ. "ಅಮ್ಮ ಬಿದ್ದು ಇಷ್ಟು ದಿನ ಆಯ್ತು. ಅಕ್ಕ ಬಂದು ನೋಡೋದು ಬೇಡ್ವಾ ಅಪ್ಪಾ? ಹೆತ್ತ ತಾಯಿ."

"ಬೇಡ ಅಂದ್ನಾ? ಟೈಲರ್ ಮನೆಯವರು ಈ ಭಾನುವಾರ ಬರ್ತಾರೆ. ಅವರು ಬಂದು, ನೋಡಿ, ಒಪ್ಪಿ ಹೋಗ್ಲಿ. ಆಮೇಲೆ ಅವಳು ತಿಂಗಳುಗಟ್ಟಲೆ ಇರ್ಲಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ದೊಡ್ಡವರೇ ಹೇಳಿದ್ದಾರೆ. ನಾನು ಹೇಳಿದ್ದು ಒಂದೇ."

"ಆ ಒಂದು ಅಕ್ಕನೇ ಅಲ್ವಾ?"

ರೇಡಿಯೋ ಕುರ್ಚಿ ಒರೆಸುವುದನ್ನು ನಿಲ್ಲಿಸಿದ. "ನೋಡು, ನಿನಗೆ ಲೋಕ ಗೊತ್ತಿಲ್ಲ. ನನಗೆ ದಿನಾ ಇದೇ ಕುರ್ಚಿಯಲ್ಲಿ ಗೊತ್ತಾಗುತ್ತೆ. ಅಕ್ಕ ಹಾಗಿದ್ದಾಳೆ ಅಂದ್ರೆ, ರಕ್ತದಲ್ಲೇ ಇದೆ, ನಾಳೆ ಹುಟ್ಟೋ ಮಕ್ಕಳೂ ಹಾಗೇ ಅಂತಾರೆ. ಎದುರಿಗೆ ಅಯ್ಯೋ ಪಾಪ ಅಂತಾರೆ, ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನಗ್ತಾರೆ. ನಾನು ನೋಡಿದ್ದೀನಿ. ನನ್ನ ಮಗಳನ್ನ ನೋಡಿ ನಗೋರ ಮುಂದೆ ಅವಳನ್ನ ಯಾಕೆ ನಿಲ್ಲಿಸ್ಲಿ?"

ಮಗ ಬಾಚಣಿಗೆಗಳನ್ನು ಜೋಡಿಸಿಟ್ಟ. "ನಾನೂ ಒಳ್ಳೆಯವನೇನಲ್ಲ ಅಪ್ಪಾ. ಆ ಹುಡುಗಿ ಕೈ ತಪ್ಪಿ ಹೋದ್ರೆ ಅಂತ ಹೆದರಿ ನಾನೂ ಬಾಯಿ ಮುಚ್ಕೊಂಡಿದ್ದೀನಿ. ಅವಳಿಗೂ ಹೇಳಿಲ್ಲ. ಆದ್ರೆ ಅಕ್ಕನ ಮುಖ ಫೋನಲ್ಲಿ ನೋಡೋಕೆ ನಂಗೆ ನಾಚಿಕೆ ಆಗುತ್ತೆ. ಅದಕ್ಕೇ ಸಂಜೆ ಅಂಗಡಿ ನಾನು ನೋಡ್ಕೋತೀನಿ ಅಂದಿದ್ದು."

ರೇಡಿಯೋ ಮತ್ತೆ ಕುರ್ಚಿ ಒರೆಸತೊಡಗಿದ. ಅಷ್ಟರಲ್ಲಿ ಗಿರಾಕಿ ಬಂದದ್ದು ಪುಣ್ಯವಾಯಿತು.

ಕೈಮಾತಿನಲ್ಲಿ ಮನೆಯವರಿಗೆಲ್ಲ ಒಂದೊಂದು ಹೆಸರಿದೆ ಎಂಬುದು ಅವನಿಗೆ ಇಷ್ಟರಲ್ಲಿ ಗೊತ್ತಾಗಿತ್ತು. ಅಕ್ಷರ ಸೇರಿಸಿ ಹೇಳುವ ಹೆಸರಲ್ಲ. ಆಳನ್ನು ನೋಡಿ ಇಡುವ ಹೆಸರು. ಅಮ್ಮನೆಂದರೆ ತುಟಿಯ ಕೆಳಗಿನ ಮಚ್ಚೆ. ತಮ್ಮನೆಂದರೆ ಹಣೆಯ ಮೇಲೆ ಬೆರಳು ಸುರುಳಿ ಸುತ್ತುವುದು, ಅವನ ಗುಂಗುರು ಕೂದಲಿಗೆ. ಮಗಳೆಂದರೆ ಅವಳ ಗಲ್ಲದ ಗುಳಿ. "ನಂದೇನು?" ಎಂದು ಹೆಂಡತಿಯನ್ನು ಕೇಳಿದ. ಅವಳು ಕಣ್ಣು ಮುಚ್ಚಿ, "ತಲೆ ನೋಯ್ತಿದೆ, ನೀರು ಕೊಡಿ" ಎಂದಳು. ಮಗನನ್ನು ಕೇಳಿದ. ಅವನಿಗೆ ಅದೇ ಕ್ಷಣ ಹಳೆಯ ಬ್ಲೇಡುಗಳನ್ನು ಎಸೆದು ಬರುವುದು ನೆನಪಾಯಿತು. ಇರಲಿ, ತನ್ನ ಹೆಸರು ಇನ್ನೇನಿದ್ದೀತು? ಕತ್ತರಿಯೇ ಇರಬೇಕು. ಇಲ್ಲವೇ ಪಟಪಟ ಆಡುವ ಬಾಯಿ. ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಸಂಜೆ ಎದೆ ಮುಟ್ಟಿಕೊಂಡು, ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ ತೋರಿಸಿದ. ಮಗಳು ಅರ್ಥವಾಗದೆ ನೋಡಿ, ಹಿರಿಯರ ಮಾತು ಮುರಿಯಬಾರದೆಂಬಂತೆ ತಲೆಯಾಡಿಸಿದಳು.

ಶುಕ್ರವಾರ ಅವಳಿಗೆ ಕಾರ್ಖಾನೆ ರಜೆ. ರೇಡಿಯೋ ಊಟಕ್ಕೆ ಮನೆಗೆ ಬಂದಿದ್ದಾಗ ಹಗಲಲ್ಲೇ ಫೋನು ಮಿಣುಕಿತು. ಅವಳ ಅಕ್ಕಪಕ್ಕ ಇನ್ನಿಬ್ಬರು ಹುಡುಗಿಯರು ಕತ್ತು ತೂರಿಸಿದ್ದರು. ಒಂದೇ ಕೋಣೆಯಲ್ಲಿ ಇರುವ ಗೆಳತಿಯರು, ಅವಳ ಹಾಗೇ ಕೇಳಿಸದವರು. ಮನೆಯವರನ್ನು ತೋರಿಸು ಎಂದು ಅವರು ಬಹಳ ದಿನದಿಂದ ಪೀಡಿಸುತ್ತಿದ್ದರಂತೆ. ರೇಡಿಯೋ ಅಂಗಿಯ ಗುಂಡಿ ಹಾಕಿಕೊಂಡು, ಹೆಂಡತಿಯ ಬೆನ್ನಿಗೆ ದಿಂಬು ಕೊಟ್ಟು, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿದ. ಮಗಳು ಮನೆಯವರ ಪರಿಚಯ ಮಾಡಿಕೊಡತೊಡಗಿದಳು. ತುಟಿಯ ಕೆಳಗೆ ಬೆರಳು: ಇವಳು ಅಮ್ಮ. ಗೆಳತಿಯರು ನಕ್ಕು ಕೈಯಾಡಿಸಿದರು. ಹಣೆಯ ಮೇಲೆ ಸುರುಳಿ: ತಮ್ಮ, ಈಗ ಅಂಗಡಿಯಲ್ಲಿದ್ದಾನೆ.

ಆಮೇಲೆ ಅಪ್ಪನ ಕಡೆ ಬೆರಳು ತೋರಿಸಿ ಅವಳು ಮುಷ್ಟಿಯನ್ನು ಒಂದು ಕಿವಿಯ ಹತ್ತಿರ ಹಿಡಿದು, ಏನನ್ನೋ ಗಟ್ಟಿಯಾಗಿ ಹಿಡಿದು ಎಳೆದ ಹಾಗೆ, ಮುಖದ ಮುಂದಿನಿಂದ ಇನ್ನೊಂದು ಕಿವಿಯವರೆಗೆ ಎಳೆದಳು. ಅದು ಅವಳ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಕಣ್ಣೂ ಮಿಟುಕಲಿಲ್ಲ. ಒಬ್ಬ ಗೆಳತಿ ಅವನನ್ನು ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು.

ಮಾತು ಮುಗಿದು ಫೋನು ಕಪ್ಪಾದ ಮೇಲೆ ರೇಡಿಯೋ ಆ ಸನ್ನೆಯನ್ನು ತಾನೂ ಮಾಡಿ ನೋಡಿದ. ಇನ್ನೊಮ್ಮೆ ಮಾಡಿದ. "ಏನೇ ಇದು? ಕತ್ತರಿ ಅಲ್ವಲ್ಲ ಇದು?"

ಹೆಂಡತಿಯ ಕಣ್ಣು ಬಾಗಿಲ ಕಡೆಗೆ ಹೋಯಿತು. ಅವನೂ ಅತ್ತ ನೋಡಿದ. ನೀಲಿ ಪರದೆ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು. ಎಷ್ಟೋ ಮನೆ ಬದಲಿಸಿದರೂ ಅದನ್ನು ಮರೆಯದೆ ಹೊತ್ತು ತಂದು ಕಟ್ಟಿದವನು ಅವನೇ. ಎಳೆದು ಎಳೆದು ಅದರ ಅಂಚು ಅವನ ಕೈಯೆಣ್ಣೆಗೆ ಕಪ್ಪಾಗಿತ್ತು.

"ಚಿಕ್ಕವಳಿದ್ದಾಗ ಇಟ್ಟಿದ್ದು," ಎಂದಳು ಹೆಂಡತಿ ನಿಧಾನವಾಗಿ, ಒಂದೊಂದೇ ಮಾತು ಎತ್ತಿಡುತ್ತ. "ಸಿಟ್ಟಿಂದ ಅಲ್ಲ ಕಣ್ರೀ. ಅವಳು ನಿಮ್ಮನ್ನ ಜಾಸ್ತಿ ನೋಡಿದ್ದೇ ಹಾಗೆ. ಮಗು ಕಂಡಿದ್ದನ್ನ ಹೇಳ್ತು. ನಾನು ಬೇಡ ಅಂತ ತಿದ್ದಬಹುದಿತ್ತು. ತಿದ್ದಲಿಲ್ಲ."

ರೇಡಿಯೋ ಮಂಚದ ತುದಿಯಲ್ಲಿ ಕುಸಿದು ಕೂತ. ಒಬ್ಬ ಅಪ್ಪನಿಗೆ ಮಗಳು ಇಟ್ಟ ಹೆಸರು! ಬೇರೆ ಯಾರಾದರೂ ಬೈದಿದ್ದರೆ ಅವನು ಹತ್ತು ಮಾತು ತಿರುಗಿಸಿ ಕೊಡುತ್ತಿದ್ದ. ಇದು ಬೈಗುಳವಲ್ಲ, ಗುರುತು. ಎಲ್ಲರಿಗೂ ಮುಖದಲ್ಲೊಂದು ಗುರುತು ಸಿಕ್ಕಿತ್ತು ಅವಳಿಗೆ: ಮಚ್ಚೆ, ಗುಂಗುರು, ಗುಳಿ. ತನ್ನ ಮುಖದಲ್ಲಿ ಹೇಳಿಕೊಳ್ಳುವ ಒಂದು ಗುರುತನ್ನು ಕೂಡ ಅವಳು ಕಂಡಿರಲಿಲ್ಲ. ಕಾಣುವಷ್ಟು ಹೊತ್ತು ಅವನು ಎದುರಿಗೆ ನಿಂತಿರಲೇ ಇಲ್ಲ. ಇಷ್ಟು ದಿನ 'ಆಮೇಲೆ, ಆಮೇಲೆ' ಎಂದು ತಳ್ಳಿದ ತನ್ನ ಅಂಗೈಯನ್ನು ಅವನು ನೋಡಿಕೊಂಡ. ಪರದೆಯೊಂದು ಸಾಲದೆ ಅಂಗೈಯನ್ನೂ ಪರದೆ ಮಾಡಿಕೊಂಡಿದ್ದ. ಅವನು ಅತ್ತ. ಹೆಂಡತಿ ತನ್ನ ಎಡಗೈ ಚಾಚಿ ಅವನ ಬೆನ್ನ ಮೇಲಿಟ್ಟಳು.

ಶನಿವಾರ ಬೆಳಿಗ್ಗೆ ಟೈಲರ್ ಬಂದ. ಬೆಂಚು ತುಂಬಿತ್ತು, ಎಲ್ಲರ ತಲೆಯೂ ಯಥಾಪ್ರಕಾರ ಕೆಳಗೆ. ಕುರ್ಚಿ ಖಾಲಿಯಾದಾಗ ಟೈಲರ್ ಕೂತು ಕಣ್ಣು ಮುಚ್ಚಿದ. ರೇಡಿಯೋ ನೊರೆ ಹಚ್ಚಿ ಬಲಗೆನ್ನೆ ಬೋಳಿಸಿದ. ಒಂದು ಮಾತೂ ಆಡಲಿಲ್ಲ. ಬೆಂಚಿನ ಮೇಲಿದ್ದವರೊಬ್ಬರು, "ಏನ್ ರೇಡಿಯೋ, ಇವತ್ತು ಕರೆಂಟಿಲ್ವಾ?" ಎಂದರು. ಅವನು ನಗಲಿಲ್ಲ.

"ನಾಳೆ ಬರ್ತೀವಿ," ಎಂದ ಟೈಲರ್, ತುಟಿ ಹೆಚ್ಚು ಅಲುಗಿಸದೆ. "ನಾನು, ನನ್ನ ಹೆಂಡತಿ, ಹುಡುಗಿ. ನಿಮ್ಮನೇಲಿ ಮೂರೇ ಜನ ಅಂದ್ರಲ್ಲ, ಕಾಯಿಲೆಯವರು ಬೇರೆ ಇದ್ದಾರೆ. ಊಟಗೀಟ ಇಟ್ಕೋಬೇಡಿ."

ರೇಡಿಯೋನ ಕೈಯಲ್ಲಿ ರೇಜರ್ ನಿಂತಿತು. ನೊರೆ ಹಚ್ಚಿದ ಮೇಲೆ ಗಿರಾಕಿ ಬಾಯಿ ಬಿಡುವ ಹಾಗಿಲ್ಲ. ಆ ಹೊತ್ತಿನಲ್ಲಿ ತನಗೆ ಬೇಕಾದ್ದನ್ನೆಲ್ಲ ಹೇಳಿ ಮುಗಿಸುವುದು ಅವನ ಹಳೆಯ ಚಾಳಿ. ಹಾಗೆ ಹೇಳಿಬಿಡಬಹುದಿತ್ತು. ಅವನು ರೇಜರನ್ನು ಕೆಳಗಿಟ್ಟ. ಟವೆಲು ತೆಗೆದು ಟೈಲರನ ಎಡಗೆನ್ನೆಯ ನೊರೆಯನ್ನು, ಬೋಳಿಸದೆಯೇ, ನಿಧಾನವಾಗಿ ಒರೆಸಿದ.

"ಏನಾಯ್ತು?" ಟೈಲರ್ ಕಣ್ಣು ಬಿಟ್ಟ.

"ನೀವು ಉತ್ತರ ಕೊಡೋ ಹಾಗಿರ್ಬೇಕು, ಅದಕ್ಕೆ. ಸ್ವಾಮಿ, ನಾನು ನಿಮಗೆ ಸುಳ್ಳು ಹೇಳಿದ್ದೀನಿ. ನಮ್ಮನೇಲಿ ಮೂರು ಜನ ಅಲ್ಲ, ನಾಲ್ಕು. ನನಗೊಬ್ಬಳು ಮಗಳಿದ್ದಾಳೆ. ಇವನಿಗಿಂತ ದೊಡ್ಡವಳು. ಕಿವಿ ಕೇಳಿಸಲ್ಲ, ಮಾತು ಬರಲ್ಲ. ನೀವು ಹೆಣ್ಣು ಕೊಡಲಿಕ್ಕಿಲ್ಲ ಅಂತ ಮುಚ್ಚಿಟ್ಟೆ. ಅವರಮ್ಮ ಹಾಸಿಗೆ ಹಿಡಿದಿದ್ರೂ ನೀವು ಬಂದು ಹೋಗ್ಲಿ ಅಂತ ಅವಳನ್ನ ಬರಬೇಡ ಅಂದೆ."

ಪಕ್ಕದ ಕುರ್ಚಿಯ ಹಿಂದೆ ಮಗ ಕಲ್ಲಾಗಿ ನಿಂತಿದ್ದ. ಬೆಂಚಿನ ಮೇಲಿದ್ದ ತಲೆಗಳು ಒಂದೊಂದಾಗಿ ಮೇಲೆದ್ದವು. ಇಷ್ಟು ವರ್ಷ ಬೋರ್ಡು ಹಾಕಿದರೂ ಏಳದ ತಲೆಗಳು.

ಟೈಲರ್ ಅರ್ಧ ಗಡ್ಡದಲ್ಲೇ ಬಹಳ ಹೊತ್ತು ಕನ್ನಡಿ ನೋಡಿದ. "ಕೇಳಿಸದ ಹುಡುಗಿ ಇರೋದು ತಪ್ಪಲ್ಲ," ಎಂದ ಕೊನೆಗೆ. "ಅದಕ್ಕೆ ನಾನು ಏನಂತಿದ್ನೋ, ಸತ್ಯವಾಗಿ ನನಗೇ ಗೊತ್ತಿಲ್ಲ. ಒಪ್ತಾ ಇರಲಿಲ್ಲವೋ ಏನೋ. ಆದ್ರೆ ಸ್ವಂತ ಮಗಳನ್ನ ಇಲ್ಲ ಅಂದ ಮನೆಗೆ ನನ್ನ ಮಗಳನ್ನ ಹೇಗೆ ಕಳಿಸ್ಲಿ? ನಾಳೆ ಅವಳಿಗೇನಾದ್ರೂ ಆದ್ರೆ ಅವಳನ್ನೂ ಇಲ್ಲ ಅಂದುಬಿಡ್ತೀರಿ."

ರೇಡಿಯೋಗೆ ಹೊಡೆದ ಹಾಗಾಯಿತು. ಅವನು ಮಗನ ಕಡೆ ಕೈ ಚಾಚಿದ. "ನಿನ್ನ ಫೋನ್ ಕೊಡೋ. ಅವಳಿಗೆ ಮಾಡು."

ಫೋನನ್ನು ಪೌಡರ್ ಡಬ್ಬಿಗೆ ಒರಗಿಸಿ ಕನ್ನಡಿಯ ಮುಂದೆ ನಿಲ್ಲಿಸಿದ, "ಫೋನ್ ಜೇಬಿನಲ್ಲಿರಲಿ" ಎಂಬ ಹಲಗೆಯ ಪಕ್ಕದಲ್ಲೇ. ಕಾರ್ಖಾನೆಯ ನೀಲಿ ಅಂಗಿಯಲ್ಲಿ ಮಗಳ ಮುಖ ಕಂಡಿತು. ಅಂಗಡಿಯೊಳಗಿನ ಜನರನ್ನೆಲ್ಲ ಕಂಡು ಅವಳು ಗಾಬರಿಯಿಂದ ಹಿಂದೆ ಸರಿದಳು. ಅಪರಿಚಿತರು ಕಂಡರೆ ಒಳಗೆ ಸರಿಯುವುದು ಅವಳ ಅಭ್ಯಾಸ. ಆ ಅಭ್ಯಾಸ ಮಾಡಿಸಿದವನು ಯಾರೆಂದು ಅವನಿಗೆ ಗೊತ್ತಿತ್ತು.

ರೇಡಿಯೋ ಎದೆ ಮುಟ್ಟಿಕೊಂಡ. ಮುಷ್ಟಿಯನ್ನು ಕಿವಿಯ ಬಳಿ ಹಿಡಿದು ಮುಖದ ಮುಂದೆ ಎಳೆದ. ನಾನು, ಪರದೆ. ಮಗಳ ಕೈ ಬಾಯಿಗೆ ಹೋಯಿತು. ತಾನಿಟ್ಟ ಹೆಸರಿನ ಅರ್ಥ ಅಪ್ಪನಿಗೆ ಗೊತ್ತಾಗಿದೆ! ಅವನು ಅವಳಿಗೆ ಯೋಚಿಸಲು ಬಿಡಲಿಲ್ಲ. ಎಡಗೈಯಲ್ಲಿ ಗೊತ್ತಿದ್ದ ಮಾತುಗಳನ್ನು ಒಂದರ ಹಿಂದೆ ಒಂದು ಜೋಡಿಸಿದ. ಅಮ್ಮ. ಕಾಯುತ್ತಿದ್ದಾಳೆ. ನೀನು. ಬಾ. ಆಮೇಲೆ ಅಲ್ಲ. ಈಗ. ಬಾ.

ತಿರುಗಿ ಅಂಗಡಿಯವರಿಗೆಲ್ಲ ಕೇಳುವಂತೆ ಹೇಳಿದ: "ಇವಳು ನನ್ನ ದೊಡ್ಡ ಮಗಳು. ನೆಂಟರ ಹುಡುಗಿ ಅಲ್ಲ."

ಟೈಲರ್ ಕುರ್ಚಿಯಲ್ಲೇ ಸ್ವಲ್ಪ ಮುಂದೆ ಬಾಗಿ ಫೋನಿನೊಳಗಿನ ಹುಡುಗಿಯನ್ನು ನೋಡಿದ. ಅವಳು ಅರ್ಧ ಗಡ್ಡದ ಅವನನ್ನು ನೋಡಿ, ಅಳುವಿನ ನಡುವೆಯೂ, ನಕ್ಕುಬಿಟ್ಟಳು. ಟೈಲರ್ ತನ್ನ ಎಡಗೆನ್ನೆ ಮುಟ್ಟಿಕೊಂಡ. "ಉಳಿದರ್ಧ ಮುಗಿಸಿ," ಎಂದ ರೇಡಿಯೋಗೆ. "ಮನೇಲಿ ಕೇಳ್ತೀನಿ. ಏನೂ ಹೇಳಕ್ಕಾಗಲ್ಲ."

ಭಾನುವಾರ ಬೆಳಿಗ್ಗೆಯೇ ಮಗಳು ಬಸ್ಸಿಳಿದು ಬಂದಳು. ಹೊಸ್ತಿಲು ದಾಟಿದವಳು ಗಕ್ಕನೆ ನಿಂತಳು. ನಡುವಿನ ಬಾಗಿಲಲ್ಲಿ ಪರದೆಯಿರಲಿಲ್ಲ, ಬರೀ ಅದರ ಸರಳಿತ್ತು, ಹೊರಗಿನಿಂದಲೇ ಒಳಗಿನ ಮಂಚದ ಮೇಲೆ ಅಮ್ಮ ಕಾಣುತ್ತಿದ್ದಳು. ಅವಳು ಓಡಿ ಹೋಗಿ ಅಮ್ಮನ ಸತ್ತ ಬಲಗೈಯನ್ನು ಎತ್ತಿ ಕೆನ್ನೆಗೊತ್ತಿಕೊಂಡಳು. ರೇಡಿಯೋ ಹೊರಕೋಣೆಯಲ್ಲೇ ನಿಂತ. ಅವಳು ತನ್ನ ಕಡೆ ನೋಡುತ್ತಾಳೆಂದು ಕಾದ. ಅವಳು ನೋಡಲಿಲ್ಲ. ನೋಡಬೇಕೆಂದು ಕೇಳುವ ಹಕ್ಕು ತನಗೆ ಎಲ್ಲಿದೆ ಎಂದುಕೊಂಡ.

ಮಧ್ಯಾಹ್ನ ದಾಟಿತು. ಬರಲಾರರು ಎಂದೇ ಎಲ್ಲರೂ ಅಂದುಕೊಂಡಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಟೈಲರ್, ಅವನ ಹೆಂಡತಿ, ಹಿಂದೆ ಅವರ ಹುಡುಗಿ. ಹೊರಕೋಣೆಯಲ್ಲಿ ಕೂತಿದ್ದ, ಸದ್ದು ಕೇಳಿಸದ ಮಗಳಿಗೆ ಅವರು ಒಳಗೆ ಬಂದ ಮೇಲೆಯೇ ಗೊತ್ತಾದದ್ದು. ಅವಳು ಹಳೆಯ ರೂಢಿಯಂತೆ ತಟ್ಟನೆ ಎದ್ದು ಒಳಗೆ ಹೊರಟಳು, ಬಾಗಿಲ ಬಳಿ ಕೈ ಚಾಚಿದಳು. ಎಳೆದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ರೇಡಿಯೋ ಒಂದು ಕುರ್ಚಿ ತಂದು ಎಲ್ಲರ ಎದುರಿಗೆ ಹಾಕಿ, ಇಲ್ಲಿ ಕೂರು ಎಂದು ಸನ್ನೆ ಮಾಡಿದ.

ಟೈಲರನ ಹೆಂಡತಿ ಬಿಗುವಾಗಿಯೇ ಇದ್ದಳು. "ಹುಡುಗಿ ಹಠ ಮಾಡಿದ್ಲು, ಅದಕ್ಕೆ ಬಂದ್ವಿ," ಎಂದಳು. "ಅತ್ತಿಗೇನ ನೋಡ್ಬೇಕು ಅಂತ. ಇನ್ನೂ ಏನೂ ಒಪ್ಪಿಲ್ಲ ನಾವು." ಆಮೇಲೆ ರೇಡಿಯೋನ ಮಗಳ ಕಡೆ ತಿರುಗಿ, ಕೇಳಿಸದವರ ಹತ್ತಿರ ಎಲ್ಲರೂ ಮಾಡುವ ಹಾಗೆ ಜೋರಾಗಿ, "ನಿಮ್ಮ ಮನೆಯವರನ್ನೆಲ್ಲ ನೀನೇ ಪರಿಚಯ ಮಾಡ್ಕೊಡಮ್ಮ. ನಿಮ್ಮಪ್ಪ ಮಾಡಿದ ಪರಿಚಯ ನಂಬೋ ಹಾಗಿಲ್ಲ," ಎಂದಳು.

ತಮ್ಮ ಅದನ್ನು ಕೈಯಲ್ಲಿ ಅಕ್ಕನಿಗೆ ದಾಟಿಸಿದ. ಅವಳು ಎದ್ದು ನಿಂತಳು. ತುಟಿಯ ಕೆಳಗೆ ಬೆರಳು. "ಇದು ಅಮ್ಮ," ಎಂದ ತಮ್ಮ. ಹಣೆಯ ಮೇಲೆ ಸುರುಳಿ. "ಇದು ನಾನು." ಟೈಲರನ ಹುಡುಗಿ ನಕ್ಕು ತಾನೂ ಹಣೆಯ ಮೇಲೆ ಬೆರಳು ಸುತ್ತಿ ನೋಡಿದಳು.

ಮಗಳು ಅಪ್ಪನ ಕಡೆ ತಿರುಗಿದಳು. ರೇಡಿಯೋ ಗೋಡೆಗೊರಗಿ ನಿಂತಿದ್ದ. ಅವಳು ಅವನ ಮುಖವನ್ನು ನೋಡಿದಳು, ಗುರುತು ಹುಡುಕುವವಳ ಹಾಗೆ, ಬಹಳ ಹೊತ್ತು. ಅವನು ಅಲುಗಾಡಲಿಲ್ಲ. ಅವಳ ಮುಷ್ಟಿ ಕಿವಿಯ ಬಳಿಗೆ ಹೋಯಿತು. ಮುಖದ ಮುಂದೆ ಎಳೆಯಿತು. ಅವನು ತಲೆ ತಗ್ಗಿಸಿದ. ಅದೇ ಸರಿ ಎಂದುಕೊಂಡ.

ಹೆಂಡತಿ ಮಂಚದ ಮೇಲಿನಿಂದ, "ಏನೂಂದ್ರೆ, ನೋಡಿ," ಎಂದಳು.

ಅವನು ತಲೆ ಎತ್ತಿದ. ಮಗಳ ಮುಷ್ಟಿ ಅಲ್ಲೇ ನಿಂತಿತ್ತು, ಇನ್ನೊಂದು ಕಿವಿಯ ಹತ್ತಿರ. ಅವನು ನೋಡುತ್ತಿದ್ದಾನೆಂದು ಖಚಿತವಾದ ಮೇಲೆ ಅವಳು ಅದನ್ನು ಹಿಂದಕ್ಕೆ ಸರಿಸಿದಳು, ಬಂದ ದಾರಿಯಲ್ಲೇ, ಮುಖದ ಮುಂದಿನಿಂದ, ಪೂರ್ತಿ. ಕೈ ಸರಿದ ಮೇಲೆ ಅವಳ ಕಣ್ಣು ನೇರವಾಗಿ ಅಪ್ಪನನ್ನು ನೋಡುತ್ತಿದ್ದವು.

ತಮ್ಮ ದಾಟಿಸುವುದನ್ನು ಬಿಟ್ಟು ಅಕ್ಕನನ್ನೇ ನೋಡಿದ. "ಅದೇನಂದ್ಲು?" ಎಂದು ಟೈಲರನ ಹೆಂಡತಿ ಅವರನ್ನೂ ಇವರನ್ನೂ ನೋಡಿದಳು. "ಯಾರಾದ್ರೂ ಹೇಳ್ರಪ್ಪಾ."

ಊರಿಗೆಲ್ಲ ಮಾತು ಹಂಚಿದ ರೇಡಿಯೋ ಕಣ್ಣೊರೆಸಿಕೊಂಡು, ತಡವರಿಸಿ, ಇಷ್ಟೇ ಹೇಳಿದ:

"ನನ್ನ ಹೆಸರು ಹೇಳಿದ್ಲು ತಾಯಿ."